ಬಿಪಿ ಇದ್ದವರು ಯಾವ ರಕ್ತಪರೀಕ್ಷೆ ಆರಿಸಿಕೊಳ್ಳಬೇಕು? ಮುಂಬೈ ಕನ್ನಡಿಗರಿಗೊಂದು ಹೋಲಿಕೆ

ಹೊಸ ವರ್ಷ ಬಂದರೆ ಸಾಕು, ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಲ್ಯಾಬುಗಳ ಜಾಹೀರಾತು ಶುರು. ‘ಫುಲ್ ಬಾಡಿ ಚೆಕಪ್, 90 ಟೆಸ್ಟ್’, ‘ಹಾರ್ಟ್ ಪ್ಯಾಕೇಜ್’, ‘ಮನೆಗೇ ಬಂದು ಸ್ಯಾಂಪಲ್ ತೆಗೆಯುತ್ತೇವೆ’. ಕೆಳಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, “ನಂಗೆ ಬಿಪಿ ಉಂಟು, ಇದನ್ನ ಮಾಡಿಸ್ಬಹುದಾ?” ಅದಕ್ಕೆ ಹತ್ತು ಜನರ ಹತ್ತು ಉತ್ತರ. ಅಗ್ಗದ್ದು ಸಾಕು ಅಂತ ಒಬ್ಬರು, ಹಾರ್ಟಿನ ವಿಷಯದಲ್ಲಿ ದುಡ್ಡು ನೋಡಬೇಡಿ ಅಂತ ಇನ್ನೊಬ್ಬರು.

ನಾನು ಇಲ್ಲಿನ ಉಪನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಾಕ್ಟರ್ ಅಲ್ಲ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ನನ್ನ ಕೆಲಸವಲ್ಲ. ಇದನ್ನು ಓದಿ ನೀವೂ ಆ ಕೆಲಸಕ್ಕೆ ಕೈ ಹಾಕಬೇಡಿ. ಆದರೆ ಯಾವ ಪರೀಕ್ಷೆ ಏನು ಹೇಳುತ್ತದೆ, ಯಾವುದಕ್ಕೆ ಸುಮ್ನೆ ದುಡ್ಡು ಹೋಗುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ.

ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ. ರಿಪೋರ್ಟ್ ಬಂದ ಮೇಲೆ ಏನಾದರೂ ಬದಲಾಗುತ್ತದಾ? ಮಾತ್ರೆಯೋ, ಡೋಸೋ, ಊಟವೋ, ಮುಂದಿನ ತಪಾಸಣೆಯೋ, ಏನಾದರೂ ಸರಿ. ನಂಬರ್ ಜಾಸ್ತಿ ಬಂದರೂ ಡಾಕ್ಟರ್ ಅದೇ ಚೀಟಿ ಬರೆಯುತ್ತಾರೆ, ಕಡಿಮೆ ಬಂದರೂ ಅದೇ ಚೀಟಿ ಅಂತಾದರೆ ಆ ಪರೀಕ್ಷೆ ಯಾಕೆ ಬೇಕು?

‘90 ಟೆಸ್ಟ್’ ಅನ್ನುವ ಲೆಕ್ಕವನ್ನೂ ಮೊದಲು ಬಿಡಿಸಿ ನೋಡಿ. ಸಿಬಿಸಿ (ರಕ್ತಕಣಗಳ ಎಣಿಕೆ) ಅನ್ನುವುದು ಒಂದೇ ಪರೀಕ್ಷೆ. ಅದರಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಸಾಲು ಬರುತ್ತದೆ, ಪ್ರತಿ ಸಾಲನ್ನೂ ಒಂದು ಟೆಸ್ಟ್ ಅಂತ ಎಣಿಸುತ್ತಾರೆ. ಲಿವರಿನದ್ದು ಹತ್ತು ಹನ್ನೊಂದು ಸಾಲು, ಕೊಲೆಸ್ಟರಾಲಿನದ್ದು ಎಂಟು ಹತ್ತು. ಹೀಗೆ ಕೂಡಿಸಿದರೆ ತೊಂಬತ್ತಾಗುವುದು ಏನೂ ಕಷ್ಟವಲ್ಲ. ಬಿಪಿ ಇದ್ದವರಿಗೆ ನಿಜವಾಗಿ ಬೇಕಾದ ಒಂದು ಪರೀಕ್ಷೆ ಮಾತ್ರ ಈ ತೊಂಬತ್ತರಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಅದು ಮೂತ್ರದ್ದು. ಅದನ್ನು ಮುಂದೆ ಹೇಳುತ್ತೇನೆ.

ಅಂದಹಾಗೆ, ಹೃದಯದ ಅಪಾಯ ಎಷ್ಟು ಅಂತ ಅಂದಾಜು ಮಾಡಲು ರಕ್ತವೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊಸದಾಗಿ ಮಾಡಿದ ಪಟ್ಟಿಗಳಲ್ಲಿ ಎರಡು ಬಗೆ ಇವೆ. ಒಂದಕ್ಕೆ ಕೊಲೆಸ್ಟರಾಲ್ ಮತ್ತು ಶುಗರ್ ಇದೆಯೋ ಇಲ್ಲವೋ ಅನ್ನುವುದು ಬೇಕು. ಇನ್ನೊಂದಕ್ಕೆ ವಯಸ್ಸು, ಗಂಡೋ ಹೆಣ್ಣೋ, ಬೀಡಿ ಸಿಗರೇಟು, ಮೇಲಿನ ಬಿಪಿ, ಎತ್ತರ ಮತ್ತು ತೂಕ ಇಷ್ಟೇ ಸಾಕು. ಅಪಾಯದ ದೊಡ್ಡ ಪಾಲು ಇವುಗಳಲ್ಲೇ ಇದೆ. ದುಬಾರಿ ಮಾರ್ಕರುಗಳು (ರಕ್ತದಲ್ಲಿ ಅಪಾಯ ತೋರಿಸುವ ಗುರುತುಗಳು) ಅದರ ಮೇಲೆ ಸ್ವಲ್ಪ ಸೇರಿಸುತ್ತವೆ ಅಷ್ಟೆ. ಕೆಲವರ ವಿಷಯದಲ್ಲಿ ಆ ‘ಸ್ವಲ್ಪ’ವೇ ತೀರ್ಮಾನ ಬದಲಿಸುತ್ತದೆ. ಅಂಥವರು ಯಾರು ಅನ್ನುವುದೇ ಈ ಲೇಖನದ ವಿಷಯ.

ಎಲ್ಲರಿಗೂ ಬೇಕಾದದ್ದು

ಬಿಪಿ ಅಂತ ಗೊತ್ತಾದ ಕೂಡಲೇ, ಆಮೇಲೆ ವರ್ಷಕ್ಕೊಮ್ಮೆಯಾದರೂ ಬೇಕಾದದ್ದು ಇಷ್ಟು: ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಯಲು), ಸೋಡಿಯಂ, ಪೊಟ್ಯಾಸಿಯಂ, ಲಿಪಿಡ್ ಪ್ರೊಫೈಲ್ (ಕೊಲೆಸ್ಟರಾಲ್ ಪರೀಕ್ಷೆ), ಶುಗರ್ ಅಥವಾ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಎಸಿಆರ್; ಆಲ್ಬುಮಿನ್ ಒಂದು ಪ್ರೋಟೀನ್). ಮೊದಲ ಸಲ ಟಿಎಸ್‌ಎಚ್ ಕೂಡ ನೋಡಿಬಿಟ್ಟರೆ ಒಳ್ಳೆಯದು. ಥೈರಾಯ್ಡ್ ಕಡಿಮೆ ಇದ್ದರೆ ಕೆಳಗಿನ ಬಿಪಿಯೂ ಏರುತ್ತದೆ, ಕೊಲೆಸ್ಟರಾಲೂ ಏರುತ್ತದೆ. ಜತೆಗೆ ಒಂದು ಇಸಿಜಿ.

ಕ್ರಿಯಾಟಿನಿನ್ ನೋಡುವಾಗ ನಮ್ಮವರು ‘ನಾರ್ಮಲ್ ರೇಂಜ್’ ನೋಡಿ ರಿಪೋರ್ಟ್ ಮಡಚಿಡುತ್ತಾರೆ. ಅದು ಸಾಲದು. 1.2 ಅಂತ ಬಂದಿದೆ ಅಂದುಕೊಳ್ಳಿ. ಮೂವತ್ತರ ಹುಡುಗನಿಗೆ ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 83. ಅಂದರೆ ಚಿಂತೆ ಇಲ್ಲ. ಅದೇ 1.2 ಅರವತ್ತೆಂಟರ ಅಜ್ಜಿಗೆ ಬಂದರೆ ಇಜಿಎಫ್‌ಆರ್ ಸುಮಾರು 49. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದನ್ನು ಕಿಡ್ನಿ ಕಾಯಿಲೆ ಅಂತಲೇ ಹೇಳುತ್ತಾರೆ. ಕಿಡ್ನಿ ಕುಗ್ಗಿದರೆ ಹೃದಯದ ಅಪಾಯವೂ ಏರುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಸಾಲು ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಲ್ಯಾಬಿನಲ್ಲೇ ಕೇಳಿ. ಅದಕ್ಕೆ ಬೇರೆ ರಕ್ತ ಬೇಡ, ವಯಸ್ಸು ಮತ್ತು ಲಿಂಗ ಹಾಕಿ ಲೆಕ್ಕ ಮಾಡುವುದಷ್ಟೆ.

ಇನ್ನು ಆ ಮೂತ್ರದ ಪರೀಕ್ಷೆ. ಬರೀ ‘ಯೂರಿನ್ ರೊಟೀನ್’ ಅಲ್ಲ. ಅದರಲ್ಲಿ ಪ್ರೋಟೀನ್ ‘ಇಲ್ಲ’ ಅಂತ ಬಂದರೂ ಸಣ್ಣ ಪ್ರಮಾಣದ ಆಲ್ಬುಮಿನ್ ಸೋರುತ್ತಿರಬಹುದು. ಎಸಿಆರ್ ಅಂತ ಕೇಳಿ ಮಾಡಿಸಬೇಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಇದ್ದರೆ ಸೋರಿಕೆ ಶುರುವಾಗಿದೆ ಅಂತ ಅರ್ಥ. ಅದರ ಮೇಲೆ ಹೋದರೆ ಜೋರಾಗಿಯೇ ಇದೆ. ಸಣ್ಣ ರಕ್ತನಾಳಗಳ ಮೇಲೆ ಬಿಪಿ ಎಷ್ಟು ಪೆಟ್ಟು ಕೊಟ್ಟಿದೆ ಅನ್ನುವುದು ಇಲ್ಲಿ ಬೇಗ ಕಾಣುತ್ತದೆ. ಇದು ಏರಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆಯ ಕಡೆ ಹೋಗುತ್ತಾರೆ, ಬಿಪಿಯ ಗುರಿಯನ್ನೂ ಬಿಗಿ ಮಾಡುತ್ತಾರೆ. ಅಂದರೆ ಚೀಟಿ ಬದಲಾಗುತ್ತದೆ. ನನ್ನ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಬೆಲೆಯೋ ಕೆಲವು ನೂರು ರೂಪಾಯಿ.

ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ ಇದ್ದಾಗ, ಮೂತ್ರದ ಸೋಂಕಿದ್ದಾಗ, ಮುಟ್ಟಿನ ದಿನಗಳಲ್ಲಿ, ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದರೆ ಕೊಡಬೇಡಿ. ಅವೆಲ್ಲ ನಂಬರನ್ನು ಸುಳ್ಳೇ ಏರಿಸುತ್ತವೆ. ಒಂದು ಸಲ ಜಾಸ್ತಿ ಬಂದರೆ ಗಾಬರಿ ಬೇಡ, ಮೂರು ತಿಂಗಳೊಳಗೆ ಮತ್ತೆ ನೋಡಿಯೇ ಡಾಕ್ಟರ್ ನಿರ್ಧಾರ ಮಾಡುತ್ತಾರೆ.

ಪೊಟ್ಯಾಸಿಯಂ ಬಗ್ಗೆ ಎರಡು ಮಾತು. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಅದನ್ನು ಏರಿಸುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಾದ ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಅದನ್ನು ಇಳಿಸುತ್ತವೆ, ವಯಸ್ಸಾದವರಲ್ಲಿ ಸೋಡಿಯಮ್ಮನ್ನೂ ಇಳಿಸುತ್ತವೆ. ಮಾತ್ರೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಎರಡರಿಂದ ನಾಲ್ಕು ವಾರದೊಳಗೆ ಇದನ್ನು ನೋಡಬೇಕು. ‘ಬಿಪಿಗೆ ಒಳ್ಳೇದು’ ಅಂತ ಮಾರುವ ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸೊರಗಿದವರು ಟೆಲ್ಮಿಸಾರ್ಟನ್ ಜತೆ ಇದನ್ನೂ ತಿಂದರೆ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿ ಕಡಿಮೆ ಮಾಡುವುದು ಅದಕ್ಕಿಂತ ಎಷ್ಟೋ ಮೇಲು.

ರಕ್ತ ತೆಗೆಯುವಾಗ ಹುಡುಗ “ಮುಠ್ಠಿ ಬಂದ್ ಕರೋ, ಖೋಲೋ” ಅನ್ನುತ್ತಾನಲ್ಲ, ಅಲ್ಲಿ ಸ್ವಲ್ಪ ಗಮನ ಇಡಿ. ರಬ್ಬರ್ ಪಟ್ಟಿ ಬಿಗಿದು, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಟ್ಟರೆ ತೋಳಿನ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬಂದು ಆ ರಕ್ತದಲ್ಲಿ ಸೇರುತ್ತದೆ. ಸಿರಿಂಜಿನಿಂದ ಟ್ಯೂಬಿಗೆ ಜೋರಾಗಿ ಒತ್ತಿದರೆ ಕೆಂಪು ರಕ್ತಕಣ ಒಡೆದು ಇನ್ನಷ್ಟು ಸೇರುತ್ತದೆ. ನಿಮಗೆ 4.3 ಇರುವುದು ರಿಪೋರ್ಟಿನಲ್ಲಿ 5.6 ಆಗಿಬಿಡಬಹುದು. ಕೆಳಗೆ ‘ಹೀಮೊಲೈಸ್ಡ್ ಸ್ಯಾಂಪಲ್’ (ರಕ್ತಕಣ ಒಡೆದದ್ದು) ಅಂತ ಬರೆದಿದ್ದರೆ ಆ ಪೊಟ್ಯಾಸಿಯಮ್ಮನ್ನು ನಂಬಬೇಡಿ, ಮತ್ತೆ ತೆಗೆಸಿ.

ಎಲ್‌ಡಿಎಲ್, ನಾನ್-ಎಚ್‌ಡಿಎಲ್, ಅಪೊ-ಬಿ: ಮೂರರಲ್ಲಿ ಯಾವುದು?

ಸಾಮಾನ್ಯ ಲಿಪಿಡ್ ರಿಪೋರ್ಟಿನಲ್ಲಿ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟರಾಲ್) ಅನ್ನುವುದನ್ನು ಹೆಚ್ಚಿನ ಕಡೆ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. 1972ರ ಫ್ರೀಡ್‌ವಾಲ್ಡ್ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟರಾಲ್) ಕಳೆಯಿರಿ, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡಿನ ಐದನೇ ಒಂದು ಪಾಲು ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕಿಂತ ಕೆಳಗಿದ್ದರೂ ಏರಿದಷ್ಟೂ ತಪ್ಪು ಜಾಸ್ತಿ.

ನಮ್ಮ ಜನರ ರಿಪೋರ್ಟ್ ಹೇಗಿರುತ್ತದೆ ನೋಡಿ. ಹೊಟ್ಟೆ ಸ್ವಲ್ಪ ಮುಂದೆ, ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ. ಒಂದು ಉದಾಹರಣೆ ಹಾಕೋಣ. ಒಟ್ಟು 210, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 250. ಎಲ್‌ಡಿಎಲ್ ಆಗುತ್ತದೆ 210ರಲ್ಲಿ 35 ಹೋಗಿ, 50 ಹೋಗಿ, 125. ‘ಪರವಾಗಿಲ್ಲ’ ಅನ್ನಿಸುತ್ತದೆ, ಅಲ್ವಾ? ಅದೇ ರಿಪೋರ್ಟಿನಲ್ಲಿ ನಾನ್-ಎಚ್‌ಡಿಎಲ್ ಅಂದರೆ 210ರಲ್ಲಿ 35 ಕಳೆದರೆ 175. ನಾನ್-ಎಚ್‌ಡಿಎಲ್‌ನ ಗುರಿ ಎಲ್‌ಡಿಎಲ್ ಗುರಿಗಿಂತ 30 ಮೇಲೆ ಅಂತ ಲೆಕ್ಕ. ಎಲ್‌ಡಿಎಲ್ 100ರ ಕೆಳಗೆ ಬೇಕಾದವರಿಗೆ ನಾನ್-ಎಚ್‌ಡಿಎಲ್ 130ರ ಕೆಳಗೆ ಇರಬೇಕು. ಇಲ್ಲಿ 45 ಜಾಸ್ತಿ ಇದೆ. ಎಲ್‌ಡಿಎಲ್ ಒಂದನ್ನೇ ನೋಡಿದವರಿಗೆ ಗುರಿಯಿಂದ 25 ದೂರ ಅಂತ ಕಾಣುತ್ತದೆ, ನಿಜಕ್ಕೂ ದೂರ ಅದಕ್ಕಿಂತ ಹೆಚ್ಚು.

ಅಪೊ-ಬಿ ಇನ್ನೂ ಒಂದು ಹೆಜ್ಜೆ ಮುಂದೆ. ರಕ್ತನಾಳದ ಗೋಡೆಗೆ ನುಗ್ಗುವ ಎಲ್‌ಡಿಎಲ್, ವಿಎಲ್‌ಡಿಎಲ್‌ನಂಥ ಕಣಗಳಲ್ಲಿ ಪ್ರತಿಯೊಂದಕ್ಕೂ ಒಂದೇ ಒಂದು ಅಪೊ-ಬಿ ಪ್ರೋಟೀನ್ ಅಂಟಿರುತ್ತದೆ. ಹಾಗಾಗಿ ಅದನ್ನು ಎಣಿಸಿದರೆ ಕಣಗಳನ್ನೇ ಎಣಿಸಿದ ಹಾಗೆ. ಶುಗರ್, ಬೊಜ್ಜು ಇದ್ದವರಲ್ಲಿ ಕಣಗಳು ಚಿಕ್ಕವು, ಒಂದೊಂದರಲ್ಲಿ ಕೊಲೆಸ್ಟರಾಲ್ ಕಡಿಮೆ, ಆದರೆ ಕಣಗಳ ಸಂಖ್ಯೆ ಜಾಸ್ತಿ. ಅಂಥವರಲ್ಲಿ ಎಲ್‌ಡಿಎಲ್ ನಂಬರ್ ಸಾಧುವಾಗಿ ಕಾಣುತ್ತದೆ, ಅಪೊ-ಬಿ ನಿಜ ಹೇಳುತ್ತದೆ. ಯುರೋಪಿನ 2019ರ ಮಾರ್ಗಸೂಚಿಯಲ್ಲಿ ಅಪಾಯ ಹೆಚ್ಚಿದ್ದವರಿಗೆ ಅಪೊ-ಬಿ 80ರ ಕೆಳಗೆ, ತೀರಾ ಹೆಚ್ಚಿದ್ದವರಿಗೆ 65ರ ಕೆಳಗೆ ಅಂತ ಇದೆ.

ನನ್ನ ಮಾತು ಕೇಳುವುದಾದರೆ: ಟ್ರೈಗ್ಲಿಸರೈಡ್ 150ರ ಕೆಳಗೆ, ಶುಗರ್ ಇಲ್ಲ ಅಂದರೆ ಎಲ್‌ಡಿಎಲ್ ಸಾಕು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದರೆ ನಾನ್-ಎಚ್‌ಡಿಎಲ್ ನೋಡಿ. ಅದಕ್ಕೆ ಒಂದು ಪೈಸೆಯೂ ಬೇಡ, ಕಳೆಯುವುದು ಗೊತ್ತಿದ್ದರೆ ಸಾಕು. ಸ್ಟ್ಯಾಟಿನ್ (ಕೊಲೆಸ್ಟರಾಲ್ ಇಳಿಸುವ ಮಾತ್ರೆ) ಶುರು ಮಾಡಬೇಕೋ ಬೇಡವೋ, ಡೋಸ್ ಏರಿಸಬೇಕೋ ಅಂತ ಡಾಕ್ಟರ್ ಹಿಂದೆ ಮುಂದೆ ನೋಡುತ್ತಿದ್ದರೆ ಆಗ ಅಪೊ-ಬಿಗೆ ದುಡ್ಡು ಹಾಕಿ.

ಎಲ್‌ಪಿ-ಎ: ಜೀವನದಲ್ಲಿ ಒಂದೇ ಸಲ

ಲೈಪೊಪ್ರೋಟೀನ್-ಎ ಅನ್ನುವುದನ್ನು 1963ರಲ್ಲಿ ನಾರ್ವೆಯ ಕೋರೆ ಬೆರ್ಗ್ ಗುರುತಿಸಿದರು. ಎಲ್‌ಡಿಎಲ್ ತರಹದ ಕಣವೇ, ಅದಕ್ಕೊಂದು ಹೆಚ್ಚಿನ ಪ್ರೋಟೀನ್ ಬಾಲ ಅಂಟಿಕೊಂಡಿರುತ್ತದೆ. ಎಷ್ಟಿರುತ್ತದೆ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ತಂದೆತಾಯಿಯಿಂದ ಬಂದದ್ದು. ಪಥ್ಯ ಮಾಡಿದರೂ ಇಳಿಯುವುದಿಲ್ಲ, ಶಿವಾಜಿ ಪಾರ್ಕಿನಲ್ಲಿ ದಿನಾ ವಾಕಿಂಗ್ ಹೋದರೂ ಇಳಿಯುವುದಿಲ್ಲ. ಸ್ಟ್ಯಾಟಿನ್ನಿಂದಲೂ ಇಳಿಯುವುದಿಲ್ಲ. ಸುಮಾರು ಐದು ಜನರಲ್ಲಿ ಒಬ್ಬರಿಗೆ ಇದು ಜಾಸ್ತಿ ಇರುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಯುರೋಪಿನ ಬಿಳಿಯರಿಗಿಂತ ಸರಾಸರಿ ಮಟ್ಟ ಮೇಲೆ.

ಇಳಿಸಲು ಆಗದ್ದನ್ನು ಯಾಕೆ ಅಳೆಯಬೇಕು ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಇಲ್ಲಿ ಚೀಟಿ ಬದಲಾಗುತ್ತದೆ. ಎಲ್‌ಪಿ-ಎ ಜಾಸ್ತಿ ಇದ್ದವರಿಗೆ ಡಾಕ್ಟರ್ ಎಲ್‌ಡಿಎಲ್ ಗುರಿಯನ್ನು ಕೆಳಗಿಳಿಸುತ್ತಾರೆ, ಸ್ಟ್ಯಾಟಿನ್ನನ್ನು ಬೇಗ ಶುರು ಮಾಡುತ್ತಾರೆ, ಬಿಪಿಯ ಬಗ್ಗೆ ಸಡಿಲ ಬಿಡುವುದಿಲ್ಲ. ಅಣ್ಣ, ತಂಗಿ, ಮಕ್ಕಳನ್ನೂ ನೋಡಲು ಹೇಳುತ್ತಾರೆ. ಇದನ್ನೇ ಇಳಿಸುವ ಔಷಧಿಗಳು ಪ್ರಯೋಗದ ಹಂತದಲ್ಲಿ ನಡೆಯುತ್ತಿವೆ.

ರಿಪೋರ್ಟಿನಲ್ಲಿ ಯೂನಿಟ್ ನೋಡುವುದನ್ನು ಮಾತ್ರ ಮರೆಯಬೇಡಿ. ಒಂದು ಲ್ಯಾಬ್ ಡೆಸಿಲೀಟರಿಗೆ ಮಿಲಿಗ್ರಾಂ ಅಂತ ಕೊಡುತ್ತದೆ, ಇನ್ನೊಂದು ಲೀಟರಿಗೆ ನ್ಯಾನೊಮೋಲ್ ಅಂತ. ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 125 ದಾಟಿದರೆ ಜಾಸ್ತಿ. ಒಂದರ ನಂಬರನ್ನು ಇನ್ನೊಂದರ ಮಿತಿಗೆ ಹೋಲಿಸಿ ಹೆದರಿದವರೂ ಇದ್ದಾರೆ, ಸುಮ್ನೆ ನೆಮ್ಮದಿಯಾದವರೂ ಇದ್ದಾರೆ.

ಎಚ್‌ಎಸ್-ಸಿಆರ್‌ಪಿ: ಹೆಸರು ದೊಡ್ಡದು

‘ಹಾರ್ಟ್ ಪ್ಯಾಕೇಜ್’ ಅಂದರೆ ಇದು ಇರಲೇಬೇಕು ಅನ್ನುವ ಹಾಗಾಗಿದೆ. ದೇಹದೊಳಗಿನ ಉರಿಯೂತದ ಗುರುತು ಇದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಜಾಸ್ತಿ. 10 ದಾಟಿದರೆ ಅದು ಹೃದಯದ ಮಾತೇ ಅಲ್ಲ, ಎಲ್ಲೋ ಸೋಂಕಿದೆ ಅಂತ ಅನುಮಾನಿಸಿ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.

ಇದಕ್ಕೆ ಹೆಸರು ತಂದದ್ದು 2008ರ ಜುಪಿಟರ್ ಅಧ್ಯಯನ. ಎಲ್‌ಡಿಎಲ್ 130ರ ಕೆಳಗಿದ್ದು ಎಚ್‌ಎಸ್-ಸಿಆರ್‌ಪಿ 2 ಅಥವಾ ಮೇಲಿದ್ದ 17,802 ಜನರಲ್ಲಿ ಅರ್ಧದಷ್ಟು ಜನರಿಗೆ ರೊಸುವಾಸ್ಟ್ಯಾಟಿನ್ ಕೊಟ್ಟರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಮುಂತಾದವು ಸಾಕಷ್ಟು ಕಡಿಮೆಯಾದವು, ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಒಳ್ಳೆಯದೇ. ಆದರೆ ಸಿಆರ್‌ಪಿ ಕಡಿಮೆ ಇದ್ದವರನ್ನು ಅದಕ್ಕೆ ಸೇರಿಸಿಯೇ ಇರಲಿಲ್ಲ. ಅವರಿಗೆ ಮಾತ್ರೆ ಕೊಟ್ಟಿದ್ದರೆ ಲಾಭ ಆಗುತ್ತಿರಲಿಲ್ಲ ಅಂತ ಅದರಿಂದ ಹೇಳಲು ಬರುವುದಿಲ್ಲ.

ನನಗೆ ಇದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮಳೆಗಾಲದ ಮುಂಬೈಯಲ್ಲಿ ನೆಗಡಿ, ವಸಡಿನ ನೋವು, ಕಾಲಿನ ಹುಣ್ಣು ಏನಿದ್ದರೂ ಇದು ಏರುತ್ತದೆ. ಬೊಜ್ಜಿದ್ದರೂ ಏರುತ್ತದೆ. ಸ್ಟ್ಯಾಟಿನ್ ಬೇಕೋ ಬೇಡವೋ ಅನ್ನುವ ಮಧ್ಯದ ಜಾಗದಲ್ಲಿ ಇರುವವರಿಗೆ, ಆರೋಗ್ಯವಾಗಿರುವಾಗ ಮಾಡಿಸಿದರೆ ಸ್ವಲ್ಪ ಉಪಯೋಗ. ಮೊದಲೇ ಸ್ಟ್ಯಾಟಿನ್ ತಿನ್ನುತ್ತಿರುವವರು ಎಲ್‌ಪಿ-ಎ ಇನ್ನೂ ನೋಡಿಸಿಲ್ಲ ಅಂದರೆ ಈ ದುಡ್ಡನ್ನು ಅದಕ್ಕೆ ಹಾಕುವುದು ವಾಸಿ. ಇನ್ನೊಂದು ವಿಷಯ, ಸಾದಾ ಸಿಆರ್‌ಪಿ ಬೇರೆ, ಎಚ್‌ಎಸ್ (ಹೈ ಸೆನ್ಸಿಟಿವಿಟಿ) ಬೇರೆ. ಜ್ವರಕ್ಕೆ ಬರೆಯುವುದು ಸಾದಾ.

ಎನ್‌ಟಿ-ಪ್ರೋಬಿಎನ್‌ಪಿ ಮತ್ತು ಟ್ರೋಪೋನಿನ್

ಬಿಪಿ ಇದ್ದವರಿಗೆ ಹತ್ತಿರದ ಮಾರ್ಕರುಗಳು ಇವೆರಡು. ವರ್ಷಗಟ್ಟಲೆ ಬಿಪಿ ಏರಿದ್ದರೆ ಹೃದಯದ ಎಡಗೋಣೆಯ ಗೋಡೆ ದಪ್ಪವಾಗುತ್ತದೆ. ಒಳಗೆ ಒತ್ತಡ ಜಾಸ್ತಿಯಾದಾಗ ಸ್ನಾಯು ಹಿಗ್ಗಿ ಬಿಎನ್‌ಪಿ ಬಿಡುಗಡೆಯಾಗುತ್ತದೆ, ಅದರ ಜೋಡಿ ತುಣುಕೇ ಎನ್‌ಟಿ-ಪ್ರೋಬಿಎನ್‌ಪಿ. ಸ್ನಾಯುವಿನ ಕಣಗಳಿಗೇ ಪೆಟ್ಟು ಬಿದ್ದರೆ ಟ್ರೋಪೋನಿನ್ ಹೊರಬರುತ್ತದೆ. ಮೊದಲನೆಯದು ಹೊರೆಯ ಗುರುತು, ಎರಡನೆಯದು ಗಾಯದ ಗುರುತು.

ಹಾರ್ಟ್ ಅಟ್ಯಾಕ್ ಹಿಡಿಯಲು ಬಳಸುವ ಅದೇ ಟ್ರೋಪೋನಿನ್ನನ್ನು ಹೈ ಸೆನ್ಸಿಟಿವಿಟಿ ವಿಧಾನದಲ್ಲಿ ಅಳೆದರೆ, ಎದೆನೋವೇ ಇಲ್ಲದವರಲ್ಲೂ ಸಣ್ಣ ಪ್ರಮಾಣ ಕಾಣುತ್ತದೆ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಶುಗರ್ ಇಲ್ಲದ, ಬಿಪಿ ಇದ್ದ 9,361 ಜನ. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ತರಲು ನೋಡಿದ ಗುಂಪಿನಲ್ಲಿ ಹೃದಯದ ತೊಂದರೆಗಳು ಕಾಲು ಭಾಗ ಕಡಿಮೆಯಾದವು. ಆಮೇಲೆ ಇದೇ ಜನರ ಸಂಗ್ರಹಿಸಿಟ್ಟ ರಕ್ತದಲ್ಲಿ ಈ ಎರಡನ್ನೂ ನೋಡಿದರು. ಟ್ರೋಪೋನಿನ್-ಟಿ ಲೀಟರಿಗೆ 14 ನ್ಯಾನೊಗ್ರಾಂ, ಎನ್‌ಟಿ-ಪ್ರೋಬಿಎನ್‌ಪಿ ಮಿಲಿಲೀಟರಿಗೆ 125 ಪಿಕೊಗ್ರಾಂ, ಈ ಎರಡೂ ಗೆರೆ ದಾಟಿದವರಲ್ಲಿ ಅಪಾಯ ಎಲ್ಲರಿಗಿಂತ ಜಾಸ್ತಿ ಇತ್ತು. ಬಿಪಿಯನ್ನು ಬಿಗಿಯಾಗಿ ಇಳಿಸಿದ್ದರಿಂದ ಉಳಿದ ಜೀವಗಳ ಲೆಕ್ಕದಲ್ಲೂ ಇಂಥವರಿಗೇ ಹೆಚ್ಚು ಲಾಭ. ‘ಬಿಪಿ 138 ಇದೆ, ಇನ್ನೊಂದು ಮಾತ್ರೆ ಬೇಕಾ?’ ಅಂತ ಡಾಕ್ಟರ್ ಯೋಚಿಸುವಾಗ ಈ ನಂಬರುಗಳು ತೂಗುವುದು ಇದೇ ಕಾರಣಕ್ಕೆ.

ಹಾಗಂತ ಎಲ್ಲರೂ ಮಾಡಿಸಬೇಕಾ? ಬೇಡ. ನಲವತ್ತರ, ಹೊಸದಾಗಿ ಬಿಪಿ ಬಂದ, ಮೆಟ್ಟಿಲು ಓಡಿ ಹತ್ತುವವರಿಗೆ ಇದರಿಂದ ಹೊಸದೇನೂ ಸಿಗುವುದಿಲ್ಲ. ಹತ್ತಾರು ವರ್ಷದ ಬಿಪಿ, ಜತೆಗೆ ಶುಗರ್ ಅಥವಾ ಕಿಡ್ನಿ ತೊಂದರೆ, ಇಸಿಜಿಯಲ್ಲಿ ಗೋಡೆ ದಪ್ಪವಾದ ಸೂಚನೆ, ದಾದರ್ ಸೇತುವೆ ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು, ಇಂಥವರಿಗೆ ಅರ್ಥ ಇದೆ.

ಎರಡರಲ್ಲಿ ಒಂದನ್ನೇ ಆರಿಸುವುದಾದರೆ ನಾನು ಎನ್‌ಟಿ-ಪ್ರೋಬಿಎನ್‌ಪಿ ಅನ್ನುತ್ತೇನೆ. 125ರ ಕೆಳಗಿದ್ದರೆ ಏದುಸಿರಿಗೆ ಹಾರ್ಟ್ ಫೇಲ್ಯೂರ್ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ, ಮೇಲಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳುತ್ತಾರೆ. ಮುಂದಿನ ಹೆಜ್ಜೆ ಸ್ಪಷ್ಟ. ಆದರೆ ವಯಸ್ಸಾದಂತೆ ಇದು ತಾನಾಗಿ ಏರುತ್ತದೆ, ಕಿಡ್ನಿ ಸೊರಗಿದರೂ ಏರುತ್ತದೆ, ದಪ್ಪ ಇದ್ದವರಲ್ಲಿ ಕಡಿಮೆ ತೋರಿಸುತ್ತದೆ. ಬೆಲೆಯೂ ಜಾಸ್ತಿ, ಸಾವಿರ ದಾಟಿಯೇ ದಾಟುತ್ತದೆ. ಏದುಸಿರು ಸ್ಪಷ್ಟವಾಗಿ ಇದೆ, ಕಾಲು ಊದಿದೆ ಅಂದರೆ ಇದಕ್ಕಾಗಿ ಕಾಯದೆ ಡಾಕ್ಟರ ಹತ್ತಿರ ಹೋಗಿ, ಎಕೋ ಮಾಡಿಸಿಕೊಳ್ಳಿ.

ಟ್ರೋಪೋನಿನ್ ಬಗ್ಗೆ ಒಂದು ಎಚ್ಚರಿಕೆ ಬೇಕೇ ಬೇಕು. ಎದೆ ನೋವು, ಬೆವರು, ಎಡಗೈ ಅಥವಾ ದವಡೆ ಸೆಳೆತ ಅಂದರೆ ಹೋಮ್ ಕಲೆಕ್ಷನ್ ಬುಕ್ ಮಾಡುವುದಲ್ಲ. ಮಧ್ಯರಾತ್ರಿಯಾದರೂ ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಬೇಕು. ಅಲ್ಲಿ ಮೊದಲು ಇಸಿಜಿ, ಆಮೇಲೆ ಗಂಟೆಗಳ ಅಂತರದಲ್ಲಿ ಟ್ರೋಪೋನಿನ್.

ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ತುಂಬಾ ಜನ ಇದ್ದಾರೆ. ಅದು ಕೆಲವು ಯಂತ್ರಗಳಲ್ಲಿ ಟ್ರೋಪೋನಿನ್ನನ್ನು ಸುಳ್ಳೇ ಕಡಿಮೆ ತೋರಿಸುತ್ತದೆ, ಥೈರಾಯ್ಡ್ ನಂಬರುಗಳನ್ನೂ ಕೆಡಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಸ್ಯಾಂಪಲ್ ಕೊಡುವಾಗ ಹೇಳಿಬಿಡಿ.

ಬಿಡಬಹುದಾದವು

ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೊ ಆಮ್ಲ). ಬಿ12 ಕಡಿಮೆ ಇರುವ ಸಸ್ಯಾಹಾರಿಗಳಲ್ಲಿ ಇದು ಏರಿಯೇ ಇರುತ್ತದೆ. ವಿಟಮಿನ್ ಕೊಟ್ಟರೆ ಇಳಿಯುತ್ತದೆ. ಆದರೆ ಹಾಗೆ ಇಳಿಸಿದರೆ ಹಾರ್ಟ್ ಅಟ್ಯಾಕ್ ಕಡಿಮೆಯಾಗುವುದಿಲ್ಲ ಅಂತ 2006ರಲ್ಲಿ ಬಂದ ನಾರ್ವಿಟ್, ಹೋಪ್-2 ಎರಡೂ ಅಧ್ಯಯನ ತೋರಿಸಿದವು. ಬಿ12 ಅನುಮಾನ ಇದ್ದರೆ ಬಿ12 ಅನ್ನೇ ನೋಡಿಸಿ.

ಯೂರಿಕ್ ಆ್ಯಸಿಡ್ ಕೂಡ ಹಾಗೆಯೇ. ಬಿಪಿ ಇದ್ದ ಹಲವರಲ್ಲಿ ಏರಿರುತ್ತದೆ, ಕ್ಲೋರ್ಥಾಲಿಡೋನ್ ತಿಂದರೆ ಇನ್ನೂ ಏರುತ್ತದೆ. ಹೃದಯಕ್ಕಾಗಿ ಅಂತ ಅದನ್ನು ಇಳಿಸುವ ಅಲೊಪ್ಯೂರಿನಾಲ್ ಕೊಟ್ಟು ನೋಡಿದ 2022ರ ಆಲ್-ಹಾರ್ಟ್ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಗೌಟ್ (ಯೂರಿಕ್ ಆ್ಯಸಿಡ್‌ನಿಂದ ಬರುವ ಕೀಲುನೋವು) ಇದ್ದವರ ಮಾತು ಬೇರೆ.

ಮೂರು ಮಾತ್ರೆಗೂ ಬಗ್ಗದ ಬಿಪಿ

ಇದು ಹೃದಯದ ಪ್ಯಾಕೇಜಿನಲ್ಲಿ ಬರುವುದಿಲ್ಲ, ಆದರೆ ಕೆಲವರ ಬದುಕನ್ನೇ ಬದಲಿಸುವ ಪರೀಕ್ಷೆ. ಅಲ್ಡೋಸ್ಟಿರೋನ್-ರೆನಿನ್ ಅನುಪಾತ (ಬಿಪಿಯನ್ನು ನಿಯಂತ್ರಿಸುವ ಎರಡು ವಸ್ತುಗಳ ಹೋಲಿಕೆ). ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಅಲ್ಡೋಸ್ಟಿರೋನ್ ಜಾಸ್ತಿ ಮಾಡಿದರೆ ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಹಾಕುತ್ತದೆ, ಬಿಪಿ ಏರುತ್ತದೆ. ಅಮೆರಿಕದ ಜೆರೋಮ್ ಕಾನ್ 1950ರ ದಶಕದಲ್ಲಿ ವಿವರಿಸಿದ ಕಾಯಿಲೆ ಇದು. ಅಪರೂಪ ಅಂತ ಬಹಳ ಕಾಲ ಅಂದುಕೊಂಡಿದ್ದರು, ಈಗ ಹಾಗಲ್ಲ ಅಂತ ಗೊತ್ತಾಗಿದೆ. ಅದೇ ಮಟ್ಟದ ಬಿಪಿ ಇರುವ ಬೇರೆಯವರಿಗಿಂತ ಇವರಲ್ಲಿ ಹೃದಯದ ತೊಂದರೆ ಜಾಸ್ತಿ. ಇದಕ್ಕೆ ಬೇರೆಯೇ ಮಾತ್ರೆ ಇದೆ, ಒಂದೇ ಬದಿಯ ಗ್ರಂಥಿಯಲ್ಲಿ ಗಡ್ಡೆ ಇದ್ದರೆ ಆಪರೇಷನ್ ಕೂಡ ಇದೆ.

ಮೂರು ಮಾತ್ರೆ ತಿಂದರೂ ಬಿಪಿ ಇಳಿಯದವರು, ಪೊಟ್ಯಾಸಿಯಂ 3.5ರ ಕೆಳಗೆ ಬಂದವರು, ಚಿಕ್ಕ ವಯಸ್ಸಿಗೇ ಬಿಪಿ ಬಂದವರು ಇದನ್ನು ಡಾಕ್ಟರ ಹತ್ತಿರ ಕೇಳಲೇಬೇಕು. ಬೆಳಗ್ಗೆ ಆರಕ್ಕೆ ಹಾಸಿಗೆಯಿಂದ ಎಬ್ಬಿಸಿ ತೆಗೆಯುವ ಹೋಮ್ ಕಲೆಕ್ಷನ್ ಇದಕ್ಕೆ ಆಗುವುದಿಲ್ಲ. ಎದ್ದು ಎರಡು ಗಂಟೆಯಾದರೂ ಓಡಾಡಿರಬೇಕು, ಆಮೇಲೆ ಕೆಲವು ನಿಮಿಷ ಕೂತು ರಕ್ತ ಕೊಡಬೇಕು. ಟ್ಯೂಬನ್ನು ಐಸಿನಲ್ಲಿಟ್ಟು ಸಾಗಿಸಿದರೆ ರೆನಿನ್ ಲೆಕ್ಕ ಏರುಪೇರಾಗುತ್ತದೆ. ಅಲ್ಡೋಸ್ಟಿರೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಿನ್ನುತ್ತಿದ್ದರೆ ವಾರಗಟ್ಟಲೆ ಮೊದಲೇ ನಿಲ್ಲಿಸಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಬೇಕು.

ಹಾಗಾದರೆ ಯಾರಿಗೆ ಏನು

ಹೋಟೆಲಿನ ಗಲ್ಲಾದಲ್ಲಿ ಹನ್ನೆರಡು ಗಂಟೆ ಕೂರುವ, ನಲವತ್ತೆರಡರ ಒಬ್ಬರನ್ನು ತೆಗೆದುಕೊಳ್ಳಿ. ಬಿಪಿ 150/96. ಅಪ್ಪ ಐವತ್ತಕ್ಕೇ ಅಟ್ಯಾಕಿನಲ್ಲಿ ಹೋದರು. ಇವರಿಗೆ ಮೊದಲ ಗುಂಪಿನ ಪರೀಕ್ಷೆ ಎಲ್ಲ ಬೇಕು, ಅದರ ಮೇಲೆ ಎಲ್‌ಪಿ-ಎ ಒಂದು ಸಲ. ಟ್ರೈಗ್ಲಿಸರೈಡ್ ಜಾಸ್ತಿ ಬಂದರೆ ಅಪೊ-ಬಿ. ಟ್ರೋಪೋನಿನ್, ಬಿಎನ್‌ಪಿ ಬೇಡ. ತಂಬಾಕು ಇದ್ದರೆ ಅದನ್ನು ಬಿಡುವುದು ಈ ಎಲ್ಲ ಪರೀಕ್ಷೆಗಿಂತ ದೊಡ್ಡದು.

ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರರು, ಇಪ್ಪತ್ತು ವರ್ಷದ ಬಿಪಿ, ಜತೆಗೆ ಶುಗರ್. ಇವರಿಗೆ ಎಸಿಆರ್ ಮತ್ತು ಇಜಿಎಫ್‌ಆರ್ ವರ್ಷಕ್ಕೊಮ್ಮೆ ತಪ್ಪಬಾರದು, ಎನ್‌ಟಿ-ಪ್ರೋಬಿಎನ್‌ಪಿ ಅಥವಾ ಎಕೋ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬಹುದು. ಬಸಿರಿನಲ್ಲಿ ಬಿಪಿ ಏರಿದ್ದ ಹೆಂಗಸರು ಅದನ್ನು ಮರೆತೇಬಿಡುತ್ತಾರೆ. ಮುಂದೆ ಹೃದಯದ ಅಪಾಯ ಹೆಚ್ಚಿಸುವ ಸಂಗತಿ ಅದು. ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ, ಬಾಯಿಬಿಟ್ಟು ಹೇಳಬೇಕು.

ಎಲ್ಲಿ, ಹೇಗೆ

ಮೊದಲ ಗುಂಪಿನ ಪರೀಕ್ಷೆಗಳಿಗೆ ದೊಡ್ಡ ಹೆಸರಿನ ಲ್ಯಾಬೇ ಬೇಕೆಂದಿಲ್ಲ. ಪರೇಲಿನ ಕೆಇಎಂ, ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳಲ್ಲಿ ಕಡಿಮೆ ದುಡ್ಡಿನಲ್ಲಿ ಆಗುತ್ತದೆ, ಸಾಲು ಮಾತ್ರ ಉದ್ದ. ಪಾಲಿಕೆ 2022ರಲ್ಲಿ ಶುರು ಮಾಡಿದ ‘ಆಪ್ಲಾ ದವಾಖಾನಾ’ಗಳಲ್ಲೂ ಹಲವು ರಕ್ತಪರೀಕ್ಷೆ ಉಚಿತ. ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬೆರಳು ಚುಚ್ಚಿ ನೋಡುವ ಶುಗರ್, ಬಿಪಿ ಅಷ್ಟಕ್ಕೇ ನಿಲ್ಲಿಸದೆ ಎಸಿಆರ್ ಕೂಡ ಇಡಿ ಅಂತ ಸಂಘದವರಿಗೆ ನಾವೇ ಹೇಳಬಹುದು.

ಎಲ್‌ಪಿ-ಎ, ಅಪೊ-ಬಿ, ಎನ್‌ಟಿ-ಪ್ರೋಬಿಎನ್‌ಪಿ, ಅಲ್ಡೋಸ್ಟಿರೋನ್ ಇವಕ್ಕೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್ ನೋಡಿ. ಗಲ್ಲಿಯ ಕಲೆಕ್ಷನ್ ಸೆಂಟರ್ ಸ್ಯಾಂಪಲನ್ನು ಎಲ್ಲಿಗೆ ಕಳಿಸುತ್ತದೆ ಅಂತ ಕೇಳಿದರೆ ತಪ್ಪೇನಿಲ್ಲ. ಎಲ್ಲವನ್ನೂ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಹೋಲಿಸಲು ಸುಲಭ.

ಕೊಲೆಸ್ಟರಾಲಿಗೆ ಹಸಿದ ಹೊಟ್ಟೆ ಕಡ್ಡಾಯ ಅನ್ನುವುದು ಹಳೇ ಮಾತು. ಹೆಚ್ಚಿನವರಿಗೆ ಬೇಡ. ಟ್ರೈಗ್ಲಿಸರೈಡ್ 400ರ ಮೇಲೆ ಬಂದರೆ ಮಾತ್ರ ಹಸಿದು ಮತ್ತೆ ಮಾಡಿಸಿ. ಜ್ವರ, ಆಪರೇಷನ್ ಆದ ಕೆಲವು ವಾರ ಯಾವ ಲಿಪಿಡ್ಡೂ ಬೇಡ, ಸುಳ್ಳು ಇಳಿಕೆ ತೋರಿಸುತ್ತದೆ. ಸ್ಟ್ಯಾಟಿನ್ ಶುರು ಮಾಡಿದ ಮೇಲೆ ಆರರಿಂದ ಹನ್ನೆರಡು ವಾರಕ್ಕೆ ಒಂದು ಸಲ ನೋಡಬೇಕು. ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೆ ಮುಂಚೆ ಮತ್ತೆ ಮಾಡಿಸಿ ಪ್ರಯೋಜನವಿಲ್ಲ.

ಎಲ್‌ಪಿ-ಎ ರಿಪೋರ್ಟಿನ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಮುಂದಿನ ವರ್ಷದ ಪ್ಯಾಕೇಜಿನಲ್ಲಿ ಅದನ್ನೇ ಮತ್ತೆ ಸೇರಿಸಿದ್ದರೆ ತೆಗೆಸಿ, ಅದರ ಬದಲು ಎಸಿಆರ್ ಹಾಕಿಕೊಡಿ ಅಂತ ಕೇಳಿ. ಕೌಂಟರಿನಲ್ಲಿ ಕೂತವರು ಸಾಮಾನ್ಯವಾಗಿ ಒಪ್ಪುತ್ತಾರೆ.